ಸ್ಕ್ಯಾನರ್‌ಗೆ ಬಾಯಿಬಿಡದ ಕಾರು: ಹಳೆಯ ಎಂಪಿಎಫ್‌ಐ ಎಂಜಿನ್ನಿನ ದೋಷ ಹುಡುಕುವ ಬಗೆ

ಇಪ್ಪತ್ತು ವರ್ಷ ದಾಟಿದ, ಪ್ರತಿ ಸಿಲಿಂಡರಿಗೂ ಬೇರೆ ಬೇರೆ ಇಂಜೆಕ್ಟರಿನಿಂದ ಪೆಟ್ರೋಲ್ ಚಿಮುಕಿಸುವ ಎಂಪಿಎಫ್‌ಐ ಕಾರನ್ನು ಗ್ಯಾರೇಜಿಗೆ ಒಯ್ದು "ಐಡ್ಲಿಂಗ್ ನಿಲ್ಲುತ್ತಿಲ್ಲ" ಅಂದರೆ ಸಾಮಾನ್ಯವಾಗಿ ಬರುವ ಮೊದಲ ಉತ್ತರ, "ಸಾರ್, ಇಂಜೆಕ್ಟರ್ ಕ್ಲೀನ್ ಮಾಡಿಸಿಬಿಡಿ". ಅದು ಫಲಿಸದಿದ್ದರೆ ಪಂಪು. ಪಂಪೂ ಫಲಿಸದಿದ್ದರೆ "ಇಸಿಎಂ ಹೋಗಿರಬೇಕು", ಅಂದರೆ ಎಂಜಿನ್ನಿನ ಲೆಕ್ಕ ಹಾಕುವ ಕಂಪ್ಯೂಟರ್. ಅಷ್ಟರಲ್ಲಿ ಕಾರಿನ ಅರ್ಧ ಬೆಲೆ ಖರ್ಚಾಗಿರುತ್ತದೆ, ದೋಷ ಮಾತ್ರ ಹಾಗೇ ಉಳಿದಿರುತ್ತದೆ. ಈ ಕಾರುಗಳಲ್ಲಿ ಇಸಿಎಂ ಕೆಡುವುದು ಅಪರೂಪ, ಇಂಜೆಕ್ಟರ್ ಕೆಡುವುದೂ ಜನ ಅಂದುಕೊಂಡಷ್ಟು ಸಾಮಾನ್ಯವಲ್ಲ. ಹೆಚ್ಚಾಗಿ ಕೆಡುವುದು ಇಸಿಎಂಗೆ ಸುದ್ದಿ ಮುಟ್ಟಿಸುವ ದಾರಿ: ತುಕ್ಕು ಹಿಡಿದ ಅರ್ತಿಂಗ್, ಬಿರುಕು ಬಿಟ್ಟ ವ್ಯಾಕ್ಯೂಮ್ ಹೋಸ್, ಸುಳ್ಳು ಹೇಳುವ ಸೆನ್ಸರ್. ಇಸಿಎಂ ತನಗೆ ಬಂದ ಸುದ್ದಿಯನ್ನು ನಂಬಿ ಸರಿಯಾದ ಲೆಕ್ಕವನ್ನೇ ಹಾಕುತ್ತದೆ, ಬಂದ ಸುದ್ದಿಯೇ ತಪ್ಪಾಗಿರುತ್ತದೆ.

ಇಲ್ಲಿ ಹೇಳುತ್ತಿರುವುದು 1990ರ ದಶಕದ ಕೊನೆಯಿಂದ 2000ರ ದಶಕದ ನಡುವಿನವರೆಗಿನ ಪೆಟ್ರೋಲ್ ಕಾರುಗಳ ಬಗ್ಗೆ. ಅಂದರೆ ಎಂಪಿಎಫ್‌ಐ ಬಂದಮೇಲಿನ ಮಾರುತಿ 800, ಝೆನ್, ಎಸ್ಟೀಮ್, ಮೊದಲ ಸ್ಯಾಂಟ್ರೊ, ಈ ತಲೆಮಾರಿನವು. 2000ರಲ್ಲಿ ದೇಶಕ್ಕೆಲ್ಲ ಯೂರೋ ಒಂದರ ಮಟ್ಟದ ಹೊಗೆ ನಿಯಮ ಬಂತು, 2003ರಲ್ಲಿ ಬೆಂಗಳೂರಿಗೆ ಭಾರತ್ ಸ್ಟೇಜ್ ಎರಡು ಬಂತು. ಕಾರ್ಬುರೇಟರ್ ಮೂಲೆ ಸೇರಿದ್ದು ಆ ಹೊತ್ತಿನಲ್ಲಿ. ಆದರೆ ಕಾರಿನೊಳಗೆ ದೋಷ ದಾಖಲಿಸುವ ಒಬಿಡಿ ವ್ಯವಸ್ಥೆ ಇರಲೇಬೇಕೆಂಬ ನಿಯಮ ಬಂದದ್ದು 2010ರಲ್ಲಿ, ಅದರ ಎರಡನೇ ಹಂತ 2013ರಲ್ಲಿ. ನಡುವಿನ ಹತ್ತು ವರ್ಷದ ಕಾರುಗಳು ಅತ್ತ ಸ್ಕ್ರೂಡ್ರೈವರಿಗೂ ಬಗ್ಗುವುದಿಲ್ಲ, ಇತ್ತ ಸ್ಕ್ಯಾನರಿಗೂ ಬಾಯಿ ಬಿಡುವುದಿಲ್ಲ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಅಡಾಪ್ಟರ್ ಇವುಗಳಲ್ಲಿ ಹೆಚ್ಚಿನವಕ್ಕೆ ಕೂರುವುದೇ ಇಲ್ಲ, ಕೂತರೂ ಮಾತಾಡುವುದಿಲ್ಲ. ಹಾಗಾಗಿ ನಮ್ಮ ಆಯುಧ ಒಂದು ಮಲ್ಟಿಮೀಟರ್, ಒಂದು ಪೆಟ್ರೋಲ್ ಪ್ರೆಶರ್ ಗೇಜ್, ಒಂದು ಟೆಸ್ಟ್ ಲ್ಯಾಂಪ್, ಮತ್ತೆ ಕಿವಿ. ಸೂಜಿ ಇರುವ ಹಳೆಯ ಮೀಟರ್ ಮನೆಯಲ್ಲಿದ್ದರೆ ಎಸೆಯಬೇಡಿ, ಅದಕ್ಕೂ ಕೆಲಸವಿದೆ.

ಕೆಳಗೆ ಕೊಟ್ಟಿರುವ ಅಂಕಿಗಳು ಈ ವರ್ಗದ ಕಾರುಗಳಿಗೆ ಸಾಮಾನ್ಯವಾಗಿ ಹೊಂದುವಂಥವು. ನಿಮ್ಮ ಮಾಡೆಲ್ಲಿನ ಸರ್ವಿಸ್ ಮ್ಯಾನುಯಲ್ ಬೇರೆ ಹೇಳಿದರೆ ಅದೇ ಅಂತಿಮ.

ಮೊದಲು ಜೀವ, ಆಮೇಲೆ ಕಾರು

ಕಾರ್ಬುರೇಟರ್ ಕಾರಿನಲ್ಲಿ ಪೆಟ್ರೋಲ್ ಪೈಪು ಬಿಚ್ಚಿದರೆ ನಾಲ್ಕು ಹನಿ ಬೀಳುತ್ತಿತ್ತು. ಇಲ್ಲಿ ಹಾಗಲ್ಲ. ಎಂಜಿನ್ ಆರಿಸಿ ಗಂಟೆಯಾದರೂ ಲೈನಿನಲ್ಲಿ ಒತ್ತಡ ಉಳಿದಿರಬಹುದು. ಬಿಚ್ಚಿದ ಕ್ಷಣ ಪೆಟ್ರೋಲ್ ಪಿಚಕಾರಿಯಂತೆ ಚಿಮ್ಮಿ ಕಣ್ಣಿಗೋ ಬಿಸಿ ಸೈಲೆನ್ಸರ್ ಮ್ಯಾನಿಫೋಲ್ಡಿಗೋ ಬೀಳುತ್ತದೆ. ಪಂಪಿನ ರಿಲೇ ಅಥವಾ ಫ್ಯೂಸ್ ಕಿತ್ತು, ಎಂಜಿನ್ ಸ್ಟಾರ್ಟ್ ಮಾಡಿ, ಅದು ತಾನಾಗಿ ಆರುವವರೆಗೆ ಬಿಡಿ. ಆಮೇಲೆ ಎರಡು ಮೂರು ಸಲ ಸೆಲ್ಫ್ ಹೊಡೆಯಿರಿ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಬಿಚ್ಚುವ ಜಾಗಕ್ಕೆ ಬಟ್ಟೆ ಸುತ್ತಿ ನಿಧಾನ ಸಡಿಲಿಸಿ. ಡ್ರೈ ಪೌಡರ್ ಅಗ್ನಿಶಾಮಕ ಕೈಗೆಟಕುವಲ್ಲಿರಲಿ, ಡಿಕ್ಕಿಯ ಒಳಗಲ್ಲ. ಮುಚ್ಚಿದ ಶೆಡ್ಡಿನಲ್ಲಿ ಈ ಕೆಲಸ ಬೇಡ.

ಅರ್ತಿಂಗ್ ನೋಡದೆ ಬೇರೇನನ್ನೂ ಮುಟ್ಟಬೇಡಿ

ಬ್ಯಾಟರಿ ವೋಲ್ಟೇಜ್ ಎಲ್ಲರೂ ನೋಡುತ್ತಾರೆ. ನೋಡಬೇಕಾದ್ದು ಸೆಲ್ಫ್ ಹೊಡೆಯುವಾಗಿನ ವೋಲ್ಟೇಜ್. ಅದು 9.6ಕ್ಕಿಂತ ಕೆಳಗಿಳಿದರೆ ಪಂಪು ಸೊರಗುತ್ತದೆ, ಇಂಜೆಕ್ಟರ್ ತಡವಾಗಿ ತೆರೆಯುತ್ತದೆ, ಇಸಿಎಂ ಕೂಡ ತಡವರಿಸುತ್ತದೆ. ಇಂಥ ಬ್ಯಾಟರಿ ಇಟ್ಟುಕೊಂಡು ಮುಂದಿನ ಯಾವ ಪರೀಕ್ಷೆ ಮಾಡಿದರೂ ಫಲಿತಾಂಶ ನಂಬುವಂತಿಲ್ಲ.

ಅದಕ್ಕಿಂತ ಮುಖ್ಯವಾದದ್ದು ವೋಲ್ಟೇಜ್ ಡ್ರಾಪ್ ಪರೀಕ್ಷೆ. ಗ್ಯಾರೇಜುಗಳಲ್ಲಿ ಇದನ್ನು ಮಾಡುವವರು ಕಡಿಮೆ. ಮೀಟರಿನ ಒಂದು ಮೊನೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೆ, ಇನ್ನೊಂದು ಎಂಜಿನ್ ಬ್ಲಾಕಿನ ಬರಿ ಲೋಹಕ್ಕೆ ಇಟ್ಟು ಸೆಲ್ಫ್ ಹೊಡೆಸಿ. 0.3 ವೋಲ್ಟಿನೊಳಗೆ ಇರಬೇಕು. ಅರ್ಧ ವೋಲ್ಟ್, ಒಂದು ವೋಲ್ಟ್ ತೋರಿಸಿದರೆ ಅರ್ತ್ ಕೇಬಲ್ ಒಳಗೆ ತುಕ್ಕು ಹಿಡಿದಿದೆ ಅಂತಲೇ ಅರ್ಥ, ಹೊರಗೆ ಎಷ್ಟೇ ಚೆಂದ ಕಂಡರೂ. ಇನ್ನು ಎಂಜಿನ್ ಓಡುವಾಗ ಇಸಿಎಂ ಕನೆಕ್ಟರಿನ ಅರ್ತ್ ತಂತಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ನೋಡಿ. ಅಲ್ಲಿ 0.1 ವೋಲ್ಟ್ ಮೀರಬಾರದು. ಸೆನ್ಸರುಗಳು ಆಡುವುದೇ ಸೊನ್ನೆಯಿಂದ ಐದು ವೋಲ್ಟಿನೊಳಗೆ. ಅರ್ತಿಂಗಿನಲ್ಲಿ ಅರ್ಧ ವೋಲ್ಟ್ ಸೋರಿದರೆ ಎಲ್ಲ ಸೆನ್ಸರುಗಳೂ ಒಟ್ಟಿಗೆ ಸುಳ್ಳು ಹೇಳಿದಂತಾಗುತ್ತದೆ. "ಏನೇನೋ ದೋಷ, ಒಂದಕ್ಕೊಂದು ಸಂಬಂಧವೇ ಇಲ್ಲ" ಎನ್ನಿಸುವ ಕಾರುಗಳಲ್ಲಿ ಮೊದಲು ಇಲ್ಲಿ ಹುಡುಕಿ. ಕರಾವಳಿಯ ಕಾರಾದರೆ ಇನ್ನೂ ಎಚ್ಚರ. ಉಪ್ಪುಗಾಳಿ ಕೇಬಲ್ ತುದಿಯ ಲಗ್ಗಿನ ಒಳಗೆ ಹೊಕ್ಕು ತಂತಿಯನ್ನು ಹಸಿರು ಪುಡಿ ಮಾಡಿರುತ್ತದೆ.

ಇದರ ಜೊತೆಗೇ ಇಲಿ ಕಚ್ಚಿದ ವೈರಿಂಗ್ ಇದೆಯೇ, ಹಿಂದೆ ಯಾರಾದರೂ ಎಲ್‌ಪಿಜಿ ಕಿಟ್ ಹಾಕಿಸಿ ತೆಗೆಸಿದ್ದಾರೆಯೇ ನೋಡಿಬಿಡಿ. ಕಿಟ್ ಹಾಕುವಾಗ ಇಂಜೆಕ್ಟರ್ ತಂತಿ ಕತ್ತರಿಸಿ, ಇಂಜೆಕ್ಟರ್ ಕೆಲಸ ಮಾಡುತ್ತಿದೆ ಎಂದು ಇಸಿಎಂಗೆ ನಂಬಿಸುವ ಎಮ್ಯುಲೇಟರ್ ಸೇರಿಸಿರುತ್ತಾರೆ. ತೆಗೆಯುವಾಗ ತಿರುಚಿ ಟೇಪ್ ಸುತ್ತಿರುತ್ತಾರೆ. ಹತ್ತು ಮಳೆಗಾಲ ಕಳೆದ ಆ ಟೇಪಿನೊಳಗೆ ಏನಿರುತ್ತದೆ ಎಂದು ಬಿಚ್ಚಿದಾಗಲೇ ಗೊತ್ತಾಗುವುದು.

ದೀಪ ಮಿನುಗುವ ಕೋಡ್

ಸ್ಕ್ಯಾನರ್ ಇಲ್ಲದಿದ್ದರೂ ಆ ಕಾಲದ ಸುಝುಕಿ ಮೂಲದ ಎಂಜಿನ್ನುಗಳಲ್ಲಿ ಒಂದು ಕಿಂಡಿ ಇದೆ. ಡಯಾಗ್ನೋಸಿಸ್ ಕನೆಕ್ಟರಿನ ನಿಗದಿತ ಟರ್ಮಿನಲ್ಲನ್ನು ಒಂದು ತಂತಿಯಿಂದ ಅರ್ತ್ ಮಾಡಿ, ಇಗ್ನಿಶನ್ ಆನ್ ಮಾಡಿದರೆ ಡ್ಯಾಶ್‌ಬೋರ್ಡಿನ ಚೆಕ್ ಎಂಜಿನ್ ದೀಪ ಮಿನುಗಲು ಶುರುವಾಗುತ್ತದೆ. ಒಂದು ಮಿನುಗು, ಸ್ವಲ್ಪ ಬಿಡುವು, ಎರಡು ಮಿನುಗು ಬಂದರೆ 12, ಅಂದರೆ ದೋಷ ದಾಖಲಾಗಿಲ್ಲ. ಬೇರೆ ಸಂಖ್ಯೆ ಬಂದರೆ ಮ್ಯಾನುಯಲ್ಲಿನ ಪಟ್ಟಿಯಲ್ಲಿ ನೋಡಿ. ಯಾವ ಟರ್ಮಿನಲ್ ಎನ್ನುವುದು ಮಾಡೆಲಿನಿಂದ ಮಾಡೆಲಿಗೆ ಬದಲಾಗುತ್ತದೆ. ಊಹಿಸಿ ತಂತಿ ಚುಚ್ಚಬೇಡಿ.

ಈ ಕೋಡಿಗೆ ಒಂದು ಮಿತಿ ಇದೆ. ತಂತಿ ಕಡಿದರೆ, ಶಾರ್ಟ್ ಆದರೆ ಇಸಿಎಂಗೆ ತಿಳಿಯುತ್ತದೆ. ಸೆನ್ಸರ್ ಜೀವಂತವಾಗಿದ್ದು ತಪ್ಪು ಹೇಳುತ್ತಿದ್ದರೆ ತಿಳಿಯುವುದಿಲ್ಲ. ಎಂಬತ್ತು ಡಿಗ್ರಿ ಬಿಸಿಯಾದ ಎಂಜಿನ್ನನ್ನು ಕೂಲಂಟ್ ಸೆನ್ಸರ್ ನಲವತ್ತು ಎಂದು ವರದಿ ಮಾಡಿದರೆ ಆ ಇಸಿಎಂ ಪಾಲಿಗೆ ಅದು ದೋಷವೇ ಅಲ್ಲ, ತಣ್ಣಗಿನ ಎಂಜಿನ್ ಅಷ್ಟೆ. 12 ಮಿನುಗಿದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದುಕೊಳ್ಳುವಂತಿಲ್ಲ.

ಸ್ಟಾರ್ಟೇ ಆಗುತ್ತಿಲ್ಲ

ಇದು ನೋಡಲು ಭಯಂಕರ, ಹುಡುಕಲು ಸುಲಭ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗಿಂದ ಎರಡು ಮೂರು ಸೆಕೆಂಡು ಪಂಪಿನ 'ಝೂಂ' ಸದ್ದು ಬರಬೇಕು. ಬರದಿದ್ದರೆ ಫ್ಯೂಸ್, ಮೇನ್ ರಿಲೇ, ಪಂಪ್ ರಿಲೇ, ಕೊನೆಗೆ ಪಂಪು. ಪಂಪಿನ ಸದ್ದು ಇದೆ, ಆದರೆ ಸೆಲ್ಫ್ ಹೊಡೆಯುವಾಗ ಸ್ಪಾರ್ಕೂ ಇಲ್ಲ ಇಂಜೆಕ್ಟರ್ ಟಿಕ್‌ಟಿಕ್ ಸದ್ದೂ ಇಲ್ಲ ಎಂದಾದರೆ, ಎರಡಕ್ಕೂ ಸಮಾನವಾದ ಮೂಲವನ್ನು ಹಿಡಿಯಿರಿ: ಎಂಜಿನ್ ತಿರುಗುತ್ತಿದೆ ಎಂದು ಹೇಳುವ ಕ್ರ್ಯಾಂಕ್ ಅಥವಾ ಕ್ಯಾಮ್ ಸೆನ್ಸರ್. ಸ್ಪಾರ್ಕ್ ಇದೆ, ಇಂಜೆಕ್ಟರ್ ಸದ್ದು ಮಾತ್ರ ಇಲ್ಲ ಎಂದಾದರೆ ಇಂಜೆಕ್ಟರಿಗೆ ಬರುವ 12 ವೋಲ್ಟ್ ಸಪ್ಲೈ ನೋಡಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿ ಇಂಜೆಕ್ಟರಿನ ಮೇಲಿಟ್ಟು ಹಿಡಿಕೆಗೆ ಕಿವಿಗೊಟ್ಟರೆ ಟಿಕ್‌ಟಿಕ್ ಸ್ಪಷ್ಟವಾಗಿ ಕೇಳುತ್ತದೆ. ಫ್ಯಾನ್ ಬೆಲ್ಟಿನಿಂದ ಕೂದಲು, ಶಾಲು ದೂರವಿರಲಿ. ಕೀಲಿಯ ಗುರುತು ಸಿಗದಿದ್ದರೆ ಸ್ಟಾರ್ಟ್ ಆಗಗೊಡದ ಇಮ್ಮೊಬಿಲೈಸರ್ ಇರುವ ಕಾರಾದರೆ ಇನ್ನೊಂದು ಕೀಲಿ ಹಾಕಿ ನೋಡುವುದು ಒಂದು ನಿಮಿಷದ ಕೆಲಸ.

ಬೆಳಿಗ್ಗೆ ಒಂದೇ ಸೆಲ್ಫಿಗೆ, ಮಧ್ಯಾಹ್ನ ಹತ್ತು ಸೆಲ್ಫಿಗೆ

ಹಳೆಯ ಇಂಜೆಕ್ಷನ್ ಕಾರುಗಳ ಅತಿ ಸಾಮಾನ್ಯ ದೂರು ಇದೇ. ತಣ್ಣಗಿದ್ದಾಗ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ. ಓಡಿಸಿ ನಿಲ್ಲಿಸಿ, ಊಟ ಮಾಡಿ ಬಂದರೆ ಸೆಲ್ಫ್ ತಿರುಗುತ್ತಲೇ ಇರುತ್ತದೆ. ಬಿಸಿ ಎಂಜಿನ್ ಮೇಲೆ, ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಯಾದ ಇಂಧನ ರೈಲಿನಲ್ಲಿ ಒತ್ತಡ ಉಳಿಯದಿದ್ದರೆ ಪೆಟ್ರೋಲ್ ಆವಿಯಾಗಿಬಿಡುತ್ತದೆ. ಇಂಜೆಕ್ಟರ್ ತೆರೆದಾಗ ಬರುವುದು ಆವಿ. ಅದು ಒಂದು ಸಾಧ್ಯತೆ. ಇನ್ನೊಂದು ಇದಕ್ಕೆ ತದ್ವಿರುದ್ಧ: ಸೋರುವ ಇಂಜೆಕ್ಟರಿನಿಂದ ಪೆಟ್ರೋಲ್ ಹನಿಹನಿಯಾಗಿ, ಎಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡಿನಲ್ಲಿ ತುಂಬಿ ಎಂಜಿನ್ ಫ್ಲಡ್ ಆಗಿರುತ್ತದೆ. ಲಕ್ಷಣ ಒಂದೇ, ಮದ್ದು ಬೇರೆ. ಬೇರ್ಪಡಿಸಲು ಯಾವ ಉಪಕರಣವೂ ಬೇಡ.

ಕಾರು ಬಿಸಿಯಾಗಿ ಹಟ ಹಿಡಿದ ಹೊತ್ತಿಗೆ ಕೀ ಆನ್ ಮಾಡಿ, ಪಂಪಿನ ಸದ್ದು ನಿಲ್ಲುವವರೆಗೆ ಕಾದು, ಆಫ್ ಮಾಡಿ. ಹೀಗೆ ಮೂರು ಸಲ ಮಾಡಿ, ಆಮೇಲೆ ಸೆಲ್ಫ್ ಹೊಡೆಯಿರಿ. ತಕ್ಷಣ ಸ್ಟಾರ್ಟ್ ಆದರೆ ಒತ್ತಡ ಇಳಿದಿತ್ತು, ನೀವು ಮತ್ತೆ ತುಂಬಿದಿರಿ. ಇದರಿಂದ ಪ್ರಯೋಜನವಾಗಲಿಲ್ಲ ಎಂದರೆ ಮುಂದಿನ ಸಲ ಆಕ್ಸಿಲರೇಟರನ್ನು ಪೂರ್ತಿ ತುಳಿದು ಹಿಡಿದು ಸೆಲ್ಫ್ ಹೊಡೆಯಿರಿ. ಈ ಸ್ಥಿತಿಯಲ್ಲಿ ಹೆಚ್ಚಿನ ಇಸಿಎಂಗಳು ಇಂಜೆಕ್ಷನ್ ನಿಲ್ಲಿಸುತ್ತವೆ ಅಥವಾ ಬಹಳ ಕಡಿಮೆ ಮಾಡುತ್ತವೆ, ಗಾಳಿ ಮಾತ್ರ ಒಳಹೋಗುತ್ತದೆ. ಕೆಮ್ಮುತ್ತಾ ಕಪ್ಪು ಹೊಗೆ ಬಿಟ್ಟು ಎದ್ದರೆ ಅದು ಫ್ಲಡ್ ಆಗಿತ್ತು. ಅಂದ ಹಾಗೆ, ಕಾರ್ಬುರೇಟರ್ ಕಾಲದ ಅಭ್ಯಾಸದಿಂದ ಸ್ಟಾರ್ಟಿಗೆ ಮೊದಲು ಆಕ್ಸಿಲರೇಟರ್ ಪಂಪ್ ಮಾಡುವವರು ಈಗಲೂ ಇದ್ದಾರೆ. ಇಲ್ಲಿ ಅದರಿಂದ ಕಾಲಿಗೆ ವ್ಯಾಯಾಮ, ಅಷ್ಟೆ.

ಈಗ ಗೇಜ್ ಕೂಡಿಸಿ. ರೈಲಿನ ಮೇಲೆ ಒತ್ತಡ ಹಿಡಿತದಲ್ಲಿಡುವ ರೆಗ್ಯುಲೇಟರ್ ಇರುವ, ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪಿನ ವ್ಯವಸ್ಥೆಯಲ್ಲಿ ಎಂಜಿನ್ ಆಫ್ ಇದ್ದು ಪಂಪು ಓಡುವಾಗ ಒತ್ತಡ ಚದರ ಸೆಂಟಿಮೀಟರಿಗೆ 2.7ರಿಂದ 3.1 ಕೆಜಿ ಇರಬೇಕು. ಐಡ್ಲಿಂಗಿನಲ್ಲಿ ಅದು 2.1ರಿಂದ 2.6ಕ್ಕೆ ಇಳಿಯಬೇಕು, ಯಾಕೆಂದರೆ ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ರೆಗ್ಯುಲೇಟರನ್ನು ಎಳೆಯುತ್ತದೆ. ಪಂಪು ನಿಂತು ಒಂದು ನಿಮಿಷದ ನಂತರವೂ 2ಕ್ಕಿಂತ ಮೇಲೆ ಇರಬೇಕು. ಆಮೇಲೆ ನಿಧಾನವಾಗಿ ಇಳಿದರೆ ಚಿಂತೆಯಿಲ್ಲ. ಕಣ್ಣೆದುರೇ ಮುಳ್ಳು ಜಾರಿದರೆ ಮೂರು ದಾರಿಗಳಲ್ಲಿ ಒಂದರಿಂದ ಸೋರುತ್ತಿದೆ.

ಪಂಪು ನಿಂತ ಕೂಡಲೇ ರಿಟರ್ನ್ ಹೋಸನ್ನು ಒತ್ತಿ ಹಿಡಿಯಿರಿ. ಜಾರುವುದು ನಿಂತರೆ ರೆಗ್ಯುಲೇಟರ್ ಸೋರುತ್ತಿದೆ. ನಿಲ್ಲದಿದ್ದರೆ ಫಿಲ್ಟರಿನಿಂದ ರೈಲಿಗೆ ಬರುವ ಹೋಸನ್ನು ಒತ್ತಿ. ಈಗ ನಿಂತರೆ ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ, ಟ್ಯಾಂಕಿನೊಳಗಿನ ಪಂಪಿನ ಚೆಕ್ ವಾಲ್ವ್ ಹೋಗಿದೆ. ಎರಡನ್ನೂ ಒತ್ತಿದರೂ ಜಾರುತ್ತಿದ್ದರೆ ಉಳಿದದ್ದು ಇಂಜೆಕ್ಟರ್. ಹೋಸ್ ಒತ್ತಲು ಪಟ್ಟಿ ಸುತ್ತಿದ ಅಗಲ ಕ್ಲ್ಯಾಂಪೇ ಆಗಬೇಕು. ಗಡುಸಾದ ಹಳೆಯ ಹೋಸನ್ನು ಪ್ಲೈಯರಿನಿಂದ ಹಿಂಡಿದರೆ ಅಲ್ಲೇ ಸೀಳುತ್ತದೆ, ಅಂಥ ಹೋಸನ್ನು ಒತ್ತುವ ಬದಲು ಬದಲಿಸಿಯೇ ಮುಂದುವರಿಯಿರಿ.

ರೆಗ್ಯುಲೇಟರಿಗೆ ಇನ್ನೊಂದು ಸುಲಭ ಪರೀಕ್ಷೆ ಇದೆ. ಅದರ ವ್ಯಾಕ್ಯೂಮ್ ಪೈಪು ಕಿತ್ತು ಮೂಸಿ ನೋಡಿ. ಒಳಗೆ ಪೆಟ್ರೋಲ್ ವಾಸನೆ ಅಥವಾ ತೇವ ಇದ್ದರೆ ಡಯಾಫ್ರಮ್ ಹರಿದಿದೆ, ಪೆಟ್ರೋಲ್ ನೇರ ಮ್ಯಾನಿಫೋಲ್ಡಿಗೆ ಹೋಗುತ್ತಿದೆ. ಮೈಲೇಜ್ ಯಾಕೆ ಕುಸಿಯಿತು ಎಂಬುದಕ್ಕೂ ಉತ್ತರ ಅಲ್ಲೇ ಸಿಕ್ಕಿತು.

ಚೆಕ್ ವಾಲ್ವ್ ಮಾತ್ರ ಹೋಗಿದ್ದು ಒತ್ತಡ, ಹರಿವು ಎರಡೂ ಸರಿಯಿದ್ದರೆ ತಕ್ಷಣ ಪಂಪು ಬದಲಿಸಲೇಬೇಕೆಂದಿಲ್ಲ. ಕೀ ಆನ್ ಮಾಡಿ ಮೂರು ಎಣಿಸಿ ಸ್ಟಾರ್ಟ್ ಮಾಡುವ ಅಭ್ಯಾಸ ಮಾಡಿಕೊಂಡು ವರ್ಷಗಟ್ಟಲೆ ಓಡಿಸುತ್ತಿರುವವರಿದ್ದಾರೆ. ಸೋರುವ ಇಂಜೆಕ್ಟರ್ ವಿಷಯದಲ್ಲಿ ಆ ಉದಾಸೀನ ಸಲ್ಲದು. ಆ ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲ್ ತೊಳೆದು ಎಂಜಿನ್ ತಳದ ಆಯಿಲ್ ತೊಟ್ಟಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಎಳೆದು ಮೂಸಿದರೆ ಗೊತ್ತಾಗುತ್ತದೆ.

ರೇಸ್ ತಾನಾಗಿ ಏರುತ್ತದೆ, ಇಳಿಯುತ್ತದೆ

ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ಉಸಿರೆಳೆದು ಬಿಡುವಂತೆ 'ವ್ರೂಂ... ವ್ರೂಂ' ಎನ್ನುವ ಕಾಯಿಲೆ ಇದು. ಇದಕ್ಕೆ ಕಾರಣ ತಿಳಿಯಲು ಈ ಕಾರುಗಳು ಗಾಳಿಯನ್ನು ಅಳೆಯುವ ಕ್ರಮ ತಿಳಿಯಬೇಕು. ಗಾಳಿಯ ಹರಿವನ್ನೇ ನೇರವಾಗಿ ಅಳೆಯುವ ಸೆನ್ಸರ್ ಇರುವ ಕಾರುಗಳಲ್ಲಿ ವ್ಯಾಕ್ಯೂಮ್ ಹೋಸ್ ಸೋರಿದರೆ, ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗಿ ಮಿಶ್ರಣ ತೆಳ್ಳಗಾಗುತ್ತದೆ, ಎಂಜಿನ್ ಮುಗ್ಗರಿಸುತ್ತದೆ. ಇಂಟರ್‌ನೆಟ್ಟಿನಲ್ಲಿ ಸಿಗುವ ಬಹಳಷ್ಟು ಸಲಹೆ ಅಂಥ ಕಾರುಗಳದ್ದು. ನಮ್ಮ ಹಳೆಯ ಮಾರುತಿಗಳು ಗಾಳಿಯನ್ನು ಅಳೆಯುವುದಿಲ್ಲ, ಮ್ಯಾನಿಫೋಲ್ಡಿನ ಒತ್ತಡ ಅಳೆದು ಗಾಳಿ ಎಷ್ಟಿರಬೇಕೆಂದು ಲೆಕ್ಕ ಹಾಕುತ್ತವೆ. ಇದು ಮ್ಯಾಪ್ ಸೆನ್ಸರಿನ ಕೆಲಸ. ಇಲ್ಲಿ ಸೋರಿದ ಗಾಳಿಯೂ ಒತ್ತಡ ಏರಿಸುತ್ತದೆ, ಇಸಿಎಂ ಅದಕ್ಕೆ ತಕ್ಕಷ್ಟು ಪೆಟ್ರೋಲನ್ನೂ ಸೇರಿಸುತ್ತದೆ. ಮಿಶ್ರಣ ಹೆಚ್ಚು ಕೆಡುವುದಿಲ್ಲ, ರೇಸ್ ಏರುತ್ತದೆ. ಐಡ್ಲಿಂಗಿಗೆ ಬೇಕಾದ ಗಾಳಿ ಬಿಡುವ ಐಡಲ್ ಕಂಟ್ರೋಲ್ ವಾಲ್ವ್ ಪೂರ್ತಿ ಮುಚ್ಚಿದರೂ ರೇಸ್ ಇಳಿಯುವುದಿಲ್ಲ. ಒಂದು ಮಿತಿ ದಾಟಿದ ಕೂಡಲೇ ಇಸಿಎಂ ಹೀಗೆ ತಿಳಿಯುತ್ತದೆ: ಥ್ರಾಟಲ್ (ಆಕ್ಸಿಲರೇಟರ್ ತುಳಿದಾಗ ತೆರೆಯುವ ಗಾಳಿಬಾಗಿಲು) ಮುಚ್ಚಿದೆ, ಎಂಜಿನ್ ಜೋರಾಗಿ ತಿರುಗುತ್ತಿದೆ, ಹಾಗಾದರೆ ಕಾರು ಇಳಿಜಾರಿನಲ್ಲಿರಬೇಕು. ಪೆಟ್ರೋಲ್ ನಿಲ್ಲಿಸುತ್ತದೆ. ರೇಸ್ ಬೀಳುತ್ತದೆ, ಮತ್ತೆ ಕೊಡುತ್ತದೆ, ಮತ್ತೆ ಏರುತ್ತದೆ. ಆ 'ವ್ರೂಂ ವ್ರೂಂ' ಹುಟ್ಟುವುದು ಹೀಗೆ.

ಹಾಗಾಗಿ ಹುಡುಕಬೇಕಾದ್ದು ಸೋರಿಕೆಯನ್ನು. ಬ್ರೇಕ್ ಬೂಸ್ಟರ್ ಹೋಸ್, ಎಂಜಿನ್ನಿನೊಳಗಿನ ಆವಿಯನ್ನು ಮ್ಯಾನಿಫೋಲ್ಡಿಗೆ ಒಯ್ಯುವ ಪಿಸಿವಿ ಹೋಸ್, ಇಂಜೆಕ್ಟರಿನ ಕೆಳಗಿನ ರಬ್ಬರ್ ರಿಂಗ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್. ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಮಾಡಿ ನೋಡುವುದು ಗ್ಯಾರೇಜಿನ ಪದ್ಧತಿ. ಬಿಸಿ ಎಂಜಿನ್ ಮೇಲೆ ಉರಿಯುವ ದ್ರವ ಎರಚುವುದು ಯಾವ ಜಾಣತನವೋ ಕಾಣೆ. ಊದುಬತ್ತಿ ಹಿಡಿದು ಹೊಗೆ ಎಲ್ಲಿ ಎಳೆಯುತ್ತದೆ ನೋಡುವವರೂ ಇದ್ದಾರೆ, ಅವರಿಗೆ ಕೈಮುಗಿದು ದೂರ ನಿಲ್ಲಿ. ಇಸ್ತ್ರಿಗೆ ಬಟ್ಟೆ ಒದ್ದೆ ಮಾಡುವ ಸ್ಪ್ರೇ ಬಾಟಲಿಯಲ್ಲಿ ನೀರು ತುಂಬಿ, ಇಗ್ನಿಶನ್ ಕಾಯಿಲ್ ಮತ್ತು ಪ್ಲಗ್ ವಯರುಗಳನ್ನು ಬಿಟ್ಟು, ಸಂದುಗಳಿಗೆ ಮಂಜಿನಂತೆ ಬಿಡಿ. ಸೋರುವ ಜಾಗದಲ್ಲಿ ನೀರು ಕ್ಷಣಕಾಲ ರಂಧ್ರ ಮುಚ್ಚುತ್ತದೆ, ಎಂಜಿನ್ನಿನ ಸದ್ದು ಬದಲಾಗುತ್ತದೆ. ಹೋಸುಗಳನ್ನು ಒಂದೊಂದಾಗಿ ಬೆರಳಿನಿಂದ ಹಿಸುಕಿ ನೋಡುವುದೂ ಅಷ್ಟೇ ಒಳ್ಳೆಯದು.

ಸೋರಿಕೆ ಇಲ್ಲವೆಂದಾದರೆ ಥ್ರಾಟಲ್ ಬಾಡಿ ಬಿಚ್ಚಿ ಕಾರ್ಬನ್ ತೊಳೆಯಿರಿ, ಐಡಲ್ ವಾಲ್ವಿನ ಗಾಳಿದಾರಿಯನ್ನೂ. ರೇಸ್ ಏರುವ ಬದಲು ಇಳಿದು ಇಳಿದು ಎಂಜಿನ್ ಆರುವುದಾದರೆ, ಎಸಿ ಹಾಕಿದ ಕೂಡಲೇ ಆಫ್ ಆಗುವುದಾದರೆ ಹೆಚ್ಚಾಗಿ ಕಾರಣ ಇದೇ. ಒಂದು ಎಚ್ಚರಿಕೆ: ಥ್ರಾಟಲ್ಲಿನ ಸ್ಟಾಪ್ ಸ್ಕ್ರೂ ತಿರುಗಿಸಿ 'ಟ್ಯೂನಿಂಗ್' ಮಾಡಬೇಡಿ. ಅದು ಕಾರ್ಬುರೇಟರಿನ ಐಡ್ಲಿಂಗ್ ಸ್ಕ್ರೂ ಅಲ್ಲ. ಅದನ್ನು ತಿರುಗಿಸಿದರೆ ಥ್ರಾಟಲ್ ಪೂರ್ತಿ ಮುಚ್ಚಿದೆ ಎನ್ನುವ ಸುದ್ದಿಯೇ ಇಸಿಎಂಗೆ ಮುಟ್ಟದೆ ಹೋಗಬಹುದು. ಆಗ ಐಡ್ಲಿಂಗಿನ ಲೆಕ್ಕವೇ ತಪ್ಪುತ್ತದೆ. ಯಾರೋ ಹಿಂದೆ ತಿರುಗಿಸಿದ ಗುರುತು ಕಂಡರೆ ಥ್ರಾಟಲ್ ಸೆನ್ಸರಿನ ವೋಲ್ಟೇಜ್ ನೋಡಿ. ಮುಚ್ಚಿದಾಗ ಸಾಮಾನ್ಯವಾಗಿ ಅರ್ಧದಿಂದ ಒಂದು ವೋಲ್ಟ್, ಪೂರ್ತಿ ತೆರೆದಾಗ ನಾಲ್ಕರ ಆಸುಪಾಸು. ನಡುವೆ ಎಲ್ಲೂ ಬೀಳದೆ ಏರಬೇಕು. ಸೂಜಿ ಮೀಟರ್ ಬೇಕು ಎಂದದ್ದು ಇದಕ್ಕೇ. ಡಿಜಿಟಲ್ ಮೀಟರ್ ಅಂಕಿ ಬದಲಿಸುವಷ್ಟರಲ್ಲಿ ತಪ್ಪಿಹೋಗುವ ಸವೆತವನ್ನು ಸೂಜಿ ತಟ್ಟನೆ ಕುಸಿದು ತೋರಿಸುತ್ತದೆ.

ಮ್ಯಾಪ್ ಸೆನ್ಸರ್ ನೋಡುವಾಗ ನೀವು ಯಾವ ಊರಿನಲ್ಲಿದ್ದೀರಿ ಎನ್ನುವುದು ಲೆಕ್ಕಕ್ಕೆ ಬರುತ್ತದೆ. ಕೀ ಆನ್, ಎಂಜಿನ್ ಆಫ್ ಇದ್ದಾಗ ಅದು ವಾತಾವರಣದ ಒತ್ತಡವನ್ನೇ ತೋರಿಸುತ್ತದೆ. ಮಂಗಳೂರಿನಲ್ಲಿ ಆ ಒತ್ತಡ ಸುಮಾರು 101 ಕಿಲೋಪಾಸ್ಕಲ್, 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 91. ಕರಾವಳಿಯಲ್ಲಿ 4 ವೋಲ್ಟ್ ಹತ್ತಿರ ತೋರಿಸುವ ಸೆನ್ಸರ್ ಬೆಂಗಳೂರಿನಲ್ಲಿ ಹತ್ತರಲ್ಲೊಂದು ಪಾಲು ಕಡಿಮೆ ತೋರಿಸಿದರೆ ಅದು ಕೆಟ್ಟಿಲ್ಲ. ಬಿಸಿ ಎಂಜಿನ್ ಐಡ್ಲಿಂಗಿನಲ್ಲಿ ಅದು 1ರಿಂದ 1.5 ವೋಲ್ಟಿಗೆ ಇಳಿಯಬೇಕು. ಇಳಿಯದಿದ್ದರೆ ಸೆನ್ಸರ್ ಬದಲಿಸುವ ಮೊದಲು ಅದಕ್ಕೆ ಹೋಗುವ ಸಣ್ಣ ರಬ್ಬರ್ ಪೈಪು ನೋಡಿ. ಆ ಪೈಪು ಸೀಳಿದ್ದರೆ ಸೆನ್ಸರಿಗೆ ವ್ಯಾಕ್ಯೂಮ್ ಕಾಣುವುದಿಲ್ಲ. ಎಂಜಿನ್ ಮೇಲೆ ಭಾರೀ ಲೋಡ್ ಇದೆ ಎಂದುಕೊಂಡು ಇಸಿಎಂ ಪೆಟ್ರೋಲ್ ಸುರಿಯುತ್ತದೆ. ಅಂಗಡಿಯಲ್ಲಿ ಅಡಿ ಲೆಕ್ಕದಲ್ಲಿ ಸಿಗುವ ಪೈಪಿನ ತುಂಡಿಗಾಗಿ ಸಾವಿರಾರು ರೂಪಾಯಿಯ ಸೆನ್ಸರ್ ಕೊಂಡವರು ಎಷ್ಟೋ ಮಂದಿ.

ಮೈಲೇಜ್ ಇಲ್ಲ, ಸೈಲೆನ್ಸರ್ ಬಾಯಿ ಕಪ್ಪು

ಇಲ್ಲಿ ನಮ್ಮ ನಾಡಿನದೇ ಒಂದು ವಿಶೇಷ ಕಾರಣವಿದೆ. ಯಾವಾಗಲೋ ಕಾರು ಹೀಟ್ ಆದಾಗ ಮೆಕ್ಯಾನಿಕ್ "ನಮ್ಮ ಹವಾಕ್ಕೆ ಇದು ಬೇಡ ಸಾರ್" ಎಂದು ಥರ್ಮೋಸ್ಟಾಟ್ ತೆಗೆದುಬಿಟ್ಟಿರುತ್ತಾನೆ. ಕಾರ್ಬುರೇಟರ್ ಕಾಲದಲ್ಲಿ ಅದು ನಡೆದುಹೋಗುತ್ತಿತ್ತು. ಇಂಜೆಕ್ಷನ್ ಕಾರಿನಲ್ಲಿ ಎಂಜಿನ್ ಪೂರ್ತಿ ಬಿಸಿಯೇ ಆಗುವುದಿಲ್ಲ, ಮುಖ್ಯವಾಗಿ ಹೈವೇಯಲ್ಲಿ. ಇಸಿಎಂ ಇನ್ನೂ ಬೆಳಗಿನ ಚಳಿಯೇ ಇದೆ ಎಂದುಕೊಂಡು ಹೆಚ್ಚು ಪೆಟ್ರೋಲ್ ಕೊಡುತ್ತಲೇ ಹೋಗುತ್ತದೆ. ಅರ್ಧ ಗಂಟೆ ಓಡಿಸಿದ ಮೇಲೂ ಟೆಂಪರೇಚರ್ ಮುಳ್ಳು ಕೆಳಗೇ ಇದ್ದರೆ ಮೊದಲು ಥರ್ಮೋಸ್ಟಾಟ್ ಇದೆಯೋ ಇಲ್ಲವೋ ನೋಡಿ.

ಅದು ಇದ್ದರೆ ಕೂಲಂಟ್ ಸೆನ್ಸರ್. ಕನೆಕ್ಟರ್ ತೆಗೆದು ರೆಸಿಸ್ಟೆನ್ಸ್ ಅಳೆಯಿರಿ. 20 ಡಿಗ್ರಿಯಲ್ಲಿ ಸುಮಾರು 2ರಿಂದ 3 ಕಿಲೋ ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್. ಡ್ಯಾಶ್‌ಬೋರ್ಡಿನ ಮುಳ್ಳಿಗೂ ಇಸಿಎಂಗೂ ಬೇರೆ ಬೇರೆ ಸೆನ್ಸರ್ ಇರುವ ಮಾಡೆಲ್ಲುಗಳಿವೆ. ಮುಳ್ಳು ಸರಿಯಿದೆ ಎಂಬುದು ಇಸಿಎಂಗೆ ಸರಿ ಸುದ್ದಿ ಹೋಗುತ್ತಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಆಕ್ಸಿಜನ್ ಸೆನ್ಸರನ್ನು ಇಲ್ಲಿ ಎಲ್ಲರೂ ಮೊದಲು ದೂರುತ್ತಾರೆ. ಬಿಸಿಯಾದ ಮೇಲೆ ಅದರ ವೋಲ್ಟೇಜ್ 0.1 ಮತ್ತು 0.9ರ ನಡುವೆ ಬಿಡದೆ ಓಲಾಡಬೇಕು. 0.1ರಲ್ಲೇ ನಿಂತಿದ್ದರೆ ಸೆನ್ಸರ್ ಸತ್ತಿದೆ ಎನ್ನಲು ಅವಸರ ಬೇಡ. ಒಂದು ಸಿಲಿಂಡರ್ ಮಿಸ್ಸಿಂಗ್ ಇದ್ದರೆ ಸುಡದ ಆಮ್ಲಜನಕ ಹಾಗೇ ಹೊರಬರುತ್ತದೆ. ಸೆನ್ಸರ್ ಅದನ್ನು ಪ್ರಾಮಾಣಿಕವಾಗಿ ವರದಿ ಮಾಡುತ್ತದೆ, ಇಸಿಎಂ ಪೆಟ್ರೋಲ್ ಹೆಚ್ಚಿಸುತ್ತದೆ. ಸೈಲೆನ್ಸರ್ ಜಾಯಿಂಟ್ ಸೆನ್ಸರಿಗಿಂತ ಮುಂಚೆ ಸೋರುತ್ತಿದ್ದರೂ ಹೀಗೇ. ಅಂದರೆ ಮೈಲೇಜ್ ದೋಷದ ಮೂಲ ಹಳೆಯ ಪ್ಲಗ್ ವಯರ್ ಆಗಿರಬಹುದು.

ಘಾಟಿ ಹತ್ತುವಾಗ ಜರ್ಕ್

ಊರೊಳಗೆ ಚೆನ್ನಾಗಿ ಓಡುವ ಕಾರು ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ನಾಲ್ಕು ಜನರನ್ನು ಹೊತ್ತು ಏರುವಾಗ ಜಗ್ಗಿ ಜಗ್ಗಿ ನಿಲ್ಲುತ್ತದೆ ಎಂದರೆ ಒತ್ತಡಕ್ಕಿಂತ ಹರಿವಿನ ಪ್ರಶ್ನೆ. ನಿಂತಲ್ಲಿ ಗೇಜ್ 2.8 ತೋರಿಸಬಹುದು, ಲೋಡ್ ಬಿದ್ದಾಗ ಕುಸಿಯುತ್ತದೆ. ರಿಟರ್ನ್ ಹೋಸನ್ನು ಅಳತೆಯ ಕ್ಯಾನಿಗೆ ಬಿಟ್ಟು ಪಂಪನ್ನು 30 ಸೆಕೆಂಡು ಓಡಿಸಿ. ಅರ್ಧ ಲೀಟರಿನ ಆಸುಪಾಸು ಬರಬೇಕು. ಬಹಳ ಕಡಿಮೆ ಬಂದರೆ ಮೊದಲು ಫಿಲ್ಟರ್ ಬದಲಿಸಿ. ಆಮೇಲೆ ಪಂಪು ಓಡುವಾಗ ಅದರ ಕನೆಕ್ಟರಿನಲ್ಲೇ ವೋಲ್ಟೇಜ್ ಅಳೆಯಿರಿ. ಅದು ಬ್ಯಾಟರಿಯ ವೋಲ್ಟೇಜಿಗಿಂತ ಒಂದು ವೋಲ್ಟನ್ನೂ ಮೀರಿ ಕೆಳಗಿದ್ದರೆ ದೋಷ ಪಂಪಿನದ್ದಲ್ಲ, ತಂತಿಯದ್ದು ಅಥವಾ ರಿಲೇಯದ್ದು. ವೋಲ್ಟೇಜ್ ಸರಿಯಿದ್ದು ಹರಿವಿಲ್ಲದಿದ್ದರೆ ಟ್ಯಾಂಕಿನೊಳಗಿನ ಜಾಲರಿ, ಕೊನೆಗೆ ಪಂಪು. ಸದಾ ರಿಸರ್ವ್‌ನಲ್ಲೇ ಓಡಿಸುವವರ ಪಂಪು ಬೇಗ ಸಾಯುತ್ತದೆ, ಅದನ್ನು ತಣ್ಣಗಿಡುವುದು ಟ್ಯಾಂಕಿನ ಪೆಟ್ರೋಲೇ. ದಾರಿಯಲ್ಲಿ ಪಂಪು ಕೈಕೊಟ್ಟರೆ ಟ್ಯಾಂಕಿನ ತಳಕ್ಕೆ ಮುಷ್ಟಿಯಿಂದ ಗುದ್ದಿ ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಸವೆದ ಬ್ರಷ್ ಕದಲಿ ಮನೆ ಮುಟ್ಟಿಸುವುದುಂಟು.

ಕೊನೆಗೆ ಇಂಜೆಕ್ಟರ್

ಎಂಜಿನ್ ಓಡುವಾಗ ಇಂಜೆಕ್ಟರ್ ಕನೆಕ್ಟರುಗಳನ್ನು ಒಂದೊಂದಾಗಿ ಕಿತ್ತು ಹಾಕಿ. ಕಿತ್ತಾಗ ರೇಸ್ ಬೀಳಬೇಕು. ಯಾವುದನ್ನು ಕಿತ್ತಾಗ ಬದಲಾವಣೆ ಇಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಅಲ್ಲಿ ಪ್ಲಗ್ ಮತ್ತು ಕಂಪ್ರೆಶನ್ ಸರಿಯಿದೆ ಎಂದು ಖಾತ್ರಿ ಮಾಡಿಕೊಂಡ ಮೇಲಷ್ಟೇ ಇಂಜೆಕ್ಟರನ್ನು ಅನುಮಾನಿಸಿ. ಕಾಯಿಲ್ ರೆಸಿಸ್ಟೆನ್ಸ್ 11ರಿಂದ 15 ಓಮ್ ಒಳಗಿದ್ದು ಎಲ್ಲವೂ ಒಂದಕ್ಕೊಂದು ಹೊಂದಬೇಕು. ಅದೂ ಸರಿಯಿದ್ದರೆ ಅಲ್ಟ್ರಾಸೋನಿಕ್ ಬೆಂಚ್ ಇರುವಲ್ಲಿ ಕೊಡಿ. ತೊಳೆಯುವ ಮೊದಲು ಮತ್ತು ನಂತರದ ಹರಿವಿನ ಅಳತೆ ತೋರಿಸಲು ಕೇಳಿ. ತೋರಿಸದವರಿಗೆ ಕೊಡಬೇಡಿ. ಟ್ಯಾಂಕಿಗೆ ಸುರಿಯುವ ಬಾಟಲಿ ಔಷಧಿಯಿಂದ ಗಟ್ಟಿಯಾಗಿ ಅಂಟಿದ ಇಂಜೆಕ್ಟರ್ ಬಿಡುವುದಿಲ್ಲ. ವರ್ಷಗಟ್ಟಲೆ ಎಲ್‌ಪಿಜಿಯಲ್ಲೇ ಓಡಿದ ಕಾರುಗಳಲ್ಲಿ ಮಾತ್ರ ಇಂಜೆಕ್ಟರನ್ನು ಸ್ವಲ್ಪ ಬೇಗ ಅನುಮಾನಿಸಬಹುದು. ಪೆಟ್ರೋಲ್ ಹರಿಯದೆ ಅವು ಒಣಗಿ ಅಂಟಾಗಿರುತ್ತವೆ. ಮನೆಯಲ್ಲಿ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಟ್ಟು ಪರೀಕ್ಷಿಸುವುದಾದರೆ ಕ್ಷಣಮಾತ್ರ ತಾಗಿಸಿ, ಹಿಡಿದು ನಿಂತರೆ ಕಾಯಿಲ್ ಸುಡುತ್ತದೆ. ಮತ್ತೆ ಕೂರಿಸುವಾಗ ರಬ್ಬರ್ ರಿಂಗುಗಳು ಹೊಸವೇ ಆಗಬೇಕು.

ಪೆಟ್ರೋಲಿನ ಬಗ್ಗೆ

2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲೇ ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿತು. ಈಗ ಹೆಚ್ಚಿನ ಬಂಕುಗಳಲ್ಲಿ ಸಿಗುವುದು ಅದೇ. ಈ ಕಾರುಗಳು ಹುಟ್ಟಿದ್ದು ಅದಕ್ಕಲ್ಲ. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಟ್ಯಾಂಕಿನ ತಳದ ಹಳೆಯ ಕೊಳೆ ಸಡಿಲಿಸಿ ಫಿಲ್ಟರಿಗೆ ತರುತ್ತದೆ, ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಕಾರಿನಲ್ಲಿ ನೀರು ಬೇರ್ಪಟ್ಟು ತಳ ಸೇರಬಹುದು. ನಿಮ್ಮ ಪೆಟ್ರೋಲಿನಲ್ಲಿ ಎಷ್ಟು ಎಥನಾಲ್ ಇದೆ ನೋಡಬೇಕೆಂದರೆ ಅಳತೆಗೆರೆ ಇರುವ ಗಾಜಿನ ಕೊಳವೆಯಲ್ಲಿ 50 ಮಿಲಿ ಪೆಟ್ರೋಲ್, 50 ಮಿಲಿ ನೀರು ಹಾಕಿ ಅಲುಗಾಡಿಸಿ ಇಡಿ. ಎಥನಾಲ್ ನೀರಿನೊಂದಿಗೆ ಸೇರಿ ಕೆಳಗಿನ ಪದರ ಬೆಳೆಯುತ್ತದೆ. ಅದು ಸುಮಾರು 60ಕ್ಕೆ ಬಂದರೆ ಶೇ. 20. ಅದಕ್ಕಿಂತ ಬಹಳ ಹೆಚ್ಚಿದ್ದರೆ ಬಂಕ್ ಬದಲಿಸಿ.

ಹೋಸ್ ಬದಲಿಸುವಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ನಿಮ್ಮೂರಿನ ಸ್ಪೇರ್ಸ್ ಅಂಗಡಿಯಲ್ಲಾಗಲಿ 'ಪೆಟ್ರೋಲ್ ಹೋಸ್' ಎಂದಷ್ಟೇ ಕೇಳಬೇಡಿ. ಮೇಲೆ ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರುವುದನ್ನು ಕೇಳಿ. ಆರ್7 ಕಾರ್ಬುರೇಟರ್ ಕಾರಿನ ಕಡಿಮೆ ಒತ್ತಡದ್ದು. ಕ್ಲಿಪ್ ಕೂಡ ಹಲ್ಲು ಕೊರೆಯುವ ಬಗೆಯದ್ದು ಬೇಡ, ಸುತ್ತಲೂ ಸಮ ಒತ್ತುವ ಇಂಜೆಕ್ಷನ್ ಕ್ಲಿಪ್ ಇರಲಿ.

ಕೆಲಸ ಮುಗಿದಮೇಲೆ ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಕೀಯನ್ನು ನಾಲ್ಕೈದು ಸಲ ಆನ್ ಆಫ್ ಮಾಡಿ ಒತ್ತಡ ತುಂಬಿಸಿ, ಬಿಚ್ಚಿದ ಪ್ರತಿ ಜಾಯಿಂಟಿನ ಕೆಳಗೆ ಬಿಳಿ ಟಿಶ್ಯೂ ಒತ್ತಿ ತೇವ ಇದೆಯೇ ನೋಡಿ. ಬ್ಯಾಟರಿ ತೆಗೆದಿದ್ದರಿಂದ ಇಸಿಎಂ ಕಲಿತದ್ದನ್ನೆಲ್ಲ ಮರೆತಿರುತ್ತದೆ, ಮೊದಲೆರಡು ದಿನ ಐಡ್ಲಿಂಗ್ ಸ್ವಲ್ಪ ಒರಟಾಗಿರಬಹುದು. ಎಸಿ ಹಾಕದೆ ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ನಿಂತಲ್ಲೇ ಓಡಿಸಿ, ಆಮೇಲೆ ಊರೊಳಗೂ ಹೈವೇಯಲ್ಲೂ ಒಂದು ಸುತ್ತು ಹೋಗಿ ಬನ್ನಿ. ತಿರುಗಿ ಬಂದ ಮೇಲೆ ಬಿಸಿ ಎಂಜಿನ್ ಆರಿಸಿ ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ ನೋಡಿ, ಟಿಶ್ಯೂ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.